ಪದಚರ್ಚೆ: ‘ಡೆವಲಪ್‌ಮೆಂಟಲ್ ಜೀನ್’ಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಸ್ತನ ಕ್ಯಾನ್ಸರ್ ಕುರಿತ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡೆವಲಪ್‌ಮೆಂಟಲ್ ಜೀನ್’, ಅಂದರೆ ಮೈಯ ಅಂಗಗಳು ರೂಪುಗೊಳ್ಳುವುದನ್ನು ನಡೆಸುವ ಜೀನ್, ಎಂಬಲ್ಲಿಗೆ ಬಂದು ಮೂರು ದಿನವಾಯಿತು, ಮುಂದೆ ಹೋಗಿಲ್ಲ.

‘ಅಭಿವೃದ್ಧಿ’ ಎಂದರೆ ನಿಗಮ, ಪ್ರಾಧಿಕಾರ ನೆನಪಾಗುತ್ತವೆ. ‘ವಿಕಾಸ’ವನ್ನು ಡಾರ್ವಿನ್‌ಗೆ ಬರೆದುಕೊಟ್ಟಾಗಿದೆ. ‘ಬೆಳವಣಿಗೆಯ ಜೀನ್’ ಸಲೀಸು, ಆದರೆ ಕ್ಯಾನ್ಸರ್ ಪುಸ್ತಕದಲ್ಲಿ ಬೆಳವಣಿಗೆ ಎಂದರೆ ಗಡ್ಡೆ ದೊಡ್ಡದಾಗುವುದು ಎಂದೇ ಓದುಗರು ತಿಳಿದಾರು. ಇಲ್ಲಿನ ಮಾತು ಗಾತ್ರದ್ದಲ್ಲ. ಯಾವ ಕೋಶ ಎಲ್ಲಿ ನಿಲ್ಲಬೇಕು, ಯಾವ ಕಸುಬು ಹಿಡಿಯಬೇಕು ಎಂಬುದರದು.

ಗೆಳೆಯರೊಬ್ಬರು ‘ಭ್ರೂಣ ಜೀನ್’ ಎಂದರು. ಸ್ತನದ ಮಟ್ಟಿಗೆ ಅದು ಹೊಂದದು. ಹುಟ್ಟುವಾಗ ಅಲ್ಲಿರುವುದು ನಾಲ್ಕಾರು ಪುಟ್ಟ ಕವಲಿನ ನಾಳಗಳಷ್ಟೇ. ಮೈನೆರೆಯುವಾಗ ಅವು ಕೊಬ್ಬಿನೊಳಗೆ ಹಬ್ಬುತ್ತವೆ, ಬಸಿರಲ್ಲಿ ಹಾಲಿನ ಗೂಡುಗಳು ಕಟ್ಟುತ್ತವೆ, ಮಗು ಹಾಲು ಬಿಟ್ಟ ಮೇಲೆ ಆ ಗೂಡುಗಳು ಕಳಚಿಹೋಗುತ್ತವೆ. ಮುಂದಿನ ಬಸಿರಿಗೆ ಮತ್ತೆ ಕಟ್ಟಬೇಕು. ಭ್ರೂಣದಲ್ಲಿ ದುಡಿದ ಎಷ್ಟೋ ಜೀನ್‌ಗಳು ಇಲ್ಲಿ ಪದೇ ಪದೇ ಕೆಲಸಕ್ಕೆ ಬರುತ್ತವೆ, ಕ್ಯಾನ್ಸರ್‌ನಲ್ಲಿ ಹಾದಿ ತಪ್ಪುವುದೂ ಇಂಥವೇ. ‘ಗಾಟಾ-3’ ಎಂಬ ಜೀನನ್ನು ನೋಡಿ: ನಾಳದ ಒಳಪದರದ ಕೋಶಗಳನ್ನು ಅವುಗಳ ಕಸುಬಿನಲ್ಲಿ ನಿಲ್ಲಿಸುವುದು ಅದು. 2012ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ ನೂರಾರು ಸ್ತನಗಡ್ಡೆಗಳನ್ನು ಪರೀಕ್ಷಿಸಿದಾಗ, ಶೇ 10ಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಕೆಟ್ಟಿದ್ದ ಮೂರೇ ಮೂರು ಜೀನ್‌ಗಳಲ್ಲಿ ಇದೂ ಇತ್ತು. ಇಂಥ ಜೀನ್ ಕೆಟ್ಟು ಹಾದಿ ತಪ್ಪಿದ ಕೋಶವನ್ನು ‘ಕಸುಬು ಮರೆತ ಕೋಶ’ ಎಂದು ಬರೆದಿದ್ದೇನೆ. ‘ವಿಭೇದೀಕರಣ ನಷ್ಟ’ಕ್ಕಿಂತ ವಾಸಿ ಅಲ್ಲವೇ?

ಇಂಥದೇ ಇನ್ನೊಂದು ಜೀನ್ ‘ವಿಂಟ್’. ಅದರ ಹೆಸರಂತೂ ಪದಪ್ರಿಯರಿಗೆ ಹಬ್ಬ. 1982ರಲ್ಲಿ ರೋಯಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇಲಿಗಳ ಸ್ತನಗಡ್ಡೆಯಲ್ಲಿ ವೈರಸ್ಸೊಂದು ಬಂದು ಸೇರಿಕೊಂಡ ಜಾಗದ ಪಕ್ಕದಲ್ಲೇ ಎಚ್ಚೆತ್ತಿದ್ದ ಜೀನೊಂದನ್ನು ಕಂಡು ‘ಇಂಟ್-1’ ಎಂದರು. ಐದು ವರ್ಷದ ಮೇಲೆ ನೋಡಿದರೆ, ಅದು ಹಣ್ಣುನೊಣದ ‘ವಿಂಗ್‌ಲೆಸ್’ ಜೀನ್‌ನ ಜೋಡಿ! ಆ ರೆಕ್ಕೆಯಿಲ್ಲದ ನೊಣವನ್ನು 1973ರಲ್ಲಿ ವರದಿ ಮಾಡಿದವರು ಆರ್. ಪಿ. ಶರ್ಮಾ. ಎರಡೂ ಹೆಸರು ಸೇರಿ ವಿಂಟ್ ಆಯಿತು. ಅನುವಾದಿಸಹೊರಟರೆ ‘ರೆಕ್ಕೆಗೇಡಿ’ ಎನ್ನಬೇಕಾದೀತು, ಇದ್ದಂತೆಯೇ ಇರಲಿ.

ಇನ್ನು ‘ಜೀನ್’ಗೆ ಕನ್ನಡದಲ್ಲಿ ಬಳಸುವ ‘ವಂಶವಾಹಿ’. ಪದ ಚೆನ್ನಾಗಿದೆ, ಶಾಲೆಯಿಂದಲೇ ಬಲ್ಲೆವು. ಆದರೆ ಕರಡು ಓದಿದ ನಮ್ಮ ಅತ್ತಿಗೆ, “ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ, ಹಾಗಾದರೆ ನಮಗೆ ಬರಲ್ಲ ಬಿಡು” ಎಂದು ಹಾಳೆ ಮಡಚಿಟ್ಟರು. ಸ್ತನ ಕ್ಯಾನ್ಸರ್‌ಗಳಲ್ಲಿ ಹೆತ್ತವರಿಂದ ಬಂದ ದೋಷದ್ದು ಸುಮಾರು ಶೇ 5ರಿಂದ 10 ಮಾತ್ರ. ಉಳಿದವುಗಳಲ್ಲಿ ಜೀನ್ ಕೆಡುವುದು ಬದುಕಿನ ನಡುವೆ, ಸ್ತನದ ಕೋಶಗಳಲ್ಲೇ. ಹಾಗಾಗಿ ಈ ಪುಸ್ತಕದಲ್ಲಿ ‘ಜೀನ್’ ಎಂದೇ ಬಳಸುತ್ತೇನೆ. ಶುದ್ಧಕನ್ನಡದವರು ಕ್ಷಮಿಸಬೇಕು.

ಸದ್ಯಕ್ಕೆ ನನಗೆ ಹೊಳೆದದ್ದು ‘ಅಂಗ ಕಟ್ಟುವ ಜೀನ್’. ಹಸು ಕೆಚ್ಚಲು ಕಟ್ಟಿದೆ ಎನ್ನುತ್ತೇವಲ್ಲ, ಆ ‘ಕಟ್ಟು’. ಸಮಾಸ ಮಾಡಿ ‘ಅಂಗಕಟ್ಟು ಜೀನ್’ ಎಂದರೆ ಕಿವಿಗೆ ಒರಟಾಗುತ್ತದೆಯೇ? ಹಾಲು ಬಿಡಿಸಿದ ಮೇಲೆ ಸ್ತನ ಮೊದಲಿನ ಸ್ಥಿತಿಗೆ ಮರಳುವುದಕ್ಕೆ ‘ಬತ್ತುವುದು’ ಎಂದಿದ್ದೇನೆ. ಆದರೆ ಬತ್ತುವುದು ಹಾಲು, ಗೂಡು ಕಳಚುವುದು ಬೇರೆ. ದನ ಸಾಕಿದ ಮನೆಯವರು, ಸೂಲಗಿತ್ತಿಯರ ಮಾತು ಕೇಳಿ ಬೆಳೆದವರು ಇದಕ್ಕೆ ಬೇರೆ ಪದ ಬಲ್ಲಿರಾದರೆ, ಯಾವ ಸೀಮೆಯದೆಂದೂ ಜೊತೆಗೆ ತಿಳಿಸಿ.