ಸಹಾಯ ಬೇಕು: ಲಿಸ್ಪ್ ಲೈಬ್ರರಿಯ ಹೊಸ ವರ್ಶನ್ ಹಾಕಿದ ಮೇಲೆ ಕ್ರ್ಯಾಶ್

ನಮಸ್ಕಾರ ಎಲ್ಲರಿಗೂ. ನನ್ನ ಸಿ ಪ್ರೋಗ್ರಾಂ ಒಳಗೆ ಒಂದು ಚಿಕ್ಕ ಲಿಸ್ಪ್ ಇಂಟರ್‌ಪ್ರಿಟರ್ ಸೇರಿಸಿದ್ದೇನೆ, ಸೆಟ್ಟಿಂಗ್ಸ್ ಎಲ್ಲಾ ಅದರಲ್ಲೇ ಬರೆಯುವುದು. ಮೊನ್ನೆ ಆ ಲೈಬ್ರರಿಯ ಹೊಸ ವರ್ಶನ್ ಹಾಕಿದೆ. ಕಂಪೈಲ್ ಆಯಿತು, ಒಂದು ವಾರ್ನಿಂಗೂ ಇಲ್ಲ, ಆದರೆ ಓಡಿಸಿದ ಸ್ವಲ್ಪ ಹೊತ್ತಿಗೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬೀಳುವುದು).

ನನ್ನ ಅನುಮಾನ ಗಾರ್ಬೇಜ್ ಕಲೆಕ್ಟರ್ (ಜಿಸಿ, ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನೇ ಖಾಲಿ ಮಾಡುವ ಭಾಗ) ಮೇಲೆ. ಹಳೆಯದು ಸಿ ಸ್ಟ್ಯಾಕನ್ನು (ಫಂಕ್ಷನ್‌ಗಳ ಲೋಕಲ್ ವೇರಿಯಬಲ್‌ಗಳು ಇರುವ ಜಾಗ) ತಾನೇ ಹುಡುಕಿ ನೋಡುತ್ತಿತ್ತು, ಗೈಲ್ (ಇನ್ನೊಂದು ಲಿಸ್ಪ್ ಬಗೆಯ ಇಂಟರ್‌ಪ್ರಿಟರ್) ಮಾಡುವ ಹಾಗೆ. ಹೊಸದು ಆಬ್ಜೆಕ್ಟ್‌ಗಳ ಜಾಗವನ್ನೇ ಬದಲಿಸುತ್ತದೆ, ಹಾಗಾಗಿ ಸಿ ಕಡೆ ಹಿಡಿದಿರುವ ಪ್ರತಿ ಪಾಯಿಂಟರನ್ನೂ ರೂಟ್ (ಇದು ಇನ್ನೂ ಬಳಕೆಯಲ್ಲಿದೆ ಎಂಬ ಗುರುತು) ಅಂತ ಮೊದಲೇ ಹೇಳಬೇಕು. ನಾನು ಮೊದಲು ಒಂದು ಸ್ಟ್ರಿಂಗ್ ಮಾಡಿ ಲೋಕಲ್ ವೇರಿಯಬಲ್‌ನಲ್ಲಿ ಇಡುತ್ತೇನೆ, ಆಮೇಲೆ ಎರಡನೆಯದು, ಕೊನೆಗೆ ಎರಡನ್ನೂ ಸೇರಿಸಿ ಕಾನ್ಸ್ (ಲಿಸ್ಪ್‌ನ ಜೋಡಿ). ಎರಡನೆಯದನ್ನು ಮಾಡುವಾಗ ಜಿಸಿ ಓಡಿದರೆ ಮೊದಲ ಪಾಯಿಂಟರ್ ಹಳೇ ಜಾಗವನ್ನೇ ತೋರಿಸುತ್ತಿರುತ್ತದೆ, ಅಲ್ವಾ? ಪ್ರತಿ ಅಲೊಕೇಶನ್‌ಗೂ ಜಿಸಿ ಓಡುವಂತೆ ಮಾಡಿ ನೋಡಿದೆ, ತಕ್ಷಣ ಅದೇ ಸಾಲಿನಲ್ಲಿ ಬಿತ್ತು.

ಇಂಥ ಜಾಗಗಳು 200ಕ್ಕೂ ಜಾಸ್ತಿ ಇವೆ. ಒಂದೊಂದನ್ನೇ ಕೈಯಲ್ಲಿ ತಿದ್ದದೆ, ಮ್ಯಾಕ್ರೋ ಬರೆದು ಸರಿ ಮಾಡಿಕೊಂಡವರು ಇದ್ದೀರಾ? ಇನ್ನೊಂದು, ಇದೇ ದೊಡ್ಡ ತಲೆನೋವು: ಲಿಸ್ಪ್ ಎರರ್ ಲಾಂಗ್‌ಜಂಪ್‌ನಲ್ಲಿ (ನಡುವಿನ ಫಂಕ್ಷನ್‌ಗಳನ್ನು ಮುಗಿಸದೆ ನೇರ ಹಿಂದಿನ ಜಾಗಕ್ಕೆ ಹಾರುವ ಸಿ ಫಂಕ್ಷನ್) ಹೊರಗೆ ಹಾರಿದಾಗ ನಡುವಿನ ಫಂಕ್ಷನ್‌ಗಳು ಹಾಕಿದ್ದ ರೂಟ್‌ಗಳು ಪಟ್ಟಿಯಲ್ಲೇ ಉಳಿದುಬಿಡುತ್ತವೆ. ಅವನ್ನು ತೆಗೆಯುವುದು ಹೇಗೆ? ಕೋಡ್ ತುಂಡು ಇದ್ದರೆ ದಯವಿಟ್ಟು ಹಾಕಿ.