ವೇರ್‌ಹೌಸ್ ಪಾರ್ಕಿಂಗ್ ಲಾಟಲ್ಲಿ ಐಸು, ಜಾರಿ ಬೀಳ್ದೇ ಇರೋಕೆ ಏನ್ ಮಾಡ್ತೀರ?

ದಾವಣಗೆರೆ ಹುಡುಗ:
ಎಲ್ರಿಗೂ ನಮಸ್ಕಾರ. ಕೆನಡಾದ ಬ್ರಾಂಪ್ಟನ್‌ಗೆ ಬಂದ್ಮೇಲೆ ನಂಗಿದು ಮೊದಲ್ನೇ ಚಳಿಗಾಲ, ಏಜೆನ್ಸಿ ಕಡೆಯಿಂದ ಒಂದು ವೇರ್‌ಹೌಸಲ್ಲಿ ಬೆಳಗಿನ ಜಾವದ ಶಿಫ್ಟ್ ಮಾಡ್ತಿದೀನಿ. ಬಸ್ ಸ್ಟಾಪಿಂದ ಗೇಟ್ ತನಕ, ಆಮೇಲೆ ಪಾರ್ಕಿಂಗ್ ದಾಟಿ ಬಾಗಿಲ ತನಕ ನಡೆಯೋದಕ್ಕೇ ಭಯ ಆಗುತ್ತೆ. ಸ್ನೋ ಬಿದ್ದಿದ್ರೆ ಕಣ್ಣಿಗೆ ಕಾಣುತ್ತೆ ಸರಿ, ಆದ್ರೆ ಬರೀ ಒದ್ದೆ ಟಾರ್ ಥರ ಕಾಣೋ ಜಾಗದಲ್ಲೇ ಕಾಲು ಸರ್ರಂತ ಹೋಗುತ್ತೆ. ಹೋದ್ ವಾರ ನಮ್ ಜೊತೆ ಕೆಲಸ ಮಾಡೋ ಆಂಟಿ ಒಬ್ರು ಅಲ್ಲೇ ಬಿದ್ದು ಮಣಿಕಟ್ಟು ಮುರ್ಕೊಂಡ್ರು, ಸೂಪರ್‌ವೈಸರ್ ನೋಡ್ಕೊಂಡು ನಡೀರಿ ಅಂದು ಸುಮ್ಮನಾದ್ರು. ನನ್ನತ್ರ ಹಸಿರು ತ್ರಿಕೋನದ ಗುರುತಿರೋ ಸೇಫ್ಟಿ ಬೂಟೇ ಇದೆ, ಆದ್ರೂ ಜಾರುತ್ತೆ ಯಾಕೆ?

ಸ್ಕಾರ್ಬರೋ ಮಲ್ನಾಡಿಗ:
ಗುರು, ಆ ಹಸಿರು ತ್ರಿಕೋನ ಹೇಳೋದು ಬೆರಳಿನ ಮೇಲೆ ಭಾರ ಬಿದ್ರೆ ತಡೆಯುತ್ತೆ, ಅಡಿಯಿಂದ ಮೊಳೆ ಚುಚ್ಚಲ್ಲ ಅಂತ ಅಷ್ಟೇ, ಐಸ್ ಮೇಲಿನ ಹಿಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಗಟ್ಟಿ ಸೋಲ್ ಚಳಿಗೆ ಇನ್ನೂ ಗಟ್ಟಿ ಆಗುತ್ತೆ, ಅದಕ್ಕೇ ಜಾರೋದು. ಟೊರೊಂಟೋ ರಿಹ್ಯಾಬ್ ಸಂಸ್ಥೆಯವ್ರು ನಿಜವಾದ ಐಸ್ ಇಳಿಜಾರಲ್ಲಿ ಜನರನ್ನ ನಡೆಸಿ ಬೂಟ್ ಟೆಸ್ಟ್ ಮಾಡಿ ರೇಟಿಂಗ್ ಕೊಡ್ತಾರೆ, ರೇಟ್ ಮೈ ಟ್ರೆಡ್ಸ್ ಅಂತ ಹುಡುಕು, ತಗೊಳೋಕೆ ಮುಂಚೆ ಅದನ್ನ ನೋಡು. ಸದ್ಯಕ್ಕೆ ಬೂಟ್ ಮೇಲೆ ಎಳ್ಕೊಳೋ ಮುಳ್ಳಿನ ಕ್ಲೀಟ್ ತಗೋ, ಆದ್ರೆ ಬಾಗಿಲ ಹತ್ರಾನೇ ಬಿಚ್ಚಿಬಿಡು, ಒಳಗಿನ ನುಣುಪು ಕಾಂಕ್ರೀಟ್ ಮೇಲೆ ಅದೇ ಬೀಳಿಸುತ್ತೆ. ನಡಿಗೆ ನಮ್ಮೂರಲ್ಲಿ ಮಳೆಗಾಲದ ಪಾಚಿ ಅಂಗಳ ದಾಟ್ತೀವಲ್ಲ ಹಂಗಿರ್ಲಿ, ಸಣ್ಣ ಹೆಜ್ಜೆ, ಪೂರ್ತಿ ಪಾದ ಊರ್ಬೇಕು, ಮೈಭಾರ ಮುಂದಿನ ಕಾಲ ಮೇಲೆ. ಎಷ್ಟೇ ಚಳಿ ಇದ್ರೂ ಕೈ ಜೇಬಲ್ಲಿ ಬೇಡ, ಗ್ಲೌಸ್ ಹಾಕು.

ಧಾರವಾಡದಾಂವ:
ನಾ ಇಲ್ಲೇ ಒಂದ್ ಫ್ಯಾಕ್ಟರಿ ಮೇಂಟೆನೆನ್ಸ್‌ನ್ಯಾಗ ಅದೀನ್ರಿ. ಬೂಟಿನ ಮಾತು ಖರೇ ಐತಿ, ಆದ್ರ ಬರೇ ನಡಿಯೋ ಮಂದಿ ಮ್ಯಾಲ ಹಾಕಿದ್ರ ಹೆಂಗ್ರಿ, ಜಾಗಾ ಸರಿ ಇಡೂದು ಕಂಪನಿ ಕೆಲಸ. ಐಸ್ ಕರಗಸೂ ಉಪ್ಪು, ಶಿಫ್ಟಿನ ಮಂದಿ ಬರೂಕಿಂತ ಮೊದ್ಲ ಬೀಳಬೇಕು. ಮೈನಸ್ 10ರ ಕೆಳಗ ಹೋತಂದ್ರ ಸಾದಾ ಉಪ್ಪಿನ ಕೆಲಸ ಭಾಳ ಸಾವಕಾಶ ಆಗತೈತಿ, ಆವಾಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲಾಂದ್ರ ಉಸುಕು ಹಾಕಬೇಕು, ಉಸುಕು ಕರಗಿಸೂದಿಲ್ಲ ಆದ್ರ ಹಿಡಿತಾ ಕೊಡತೈತಿ. ಇನ್ನೊಂದು ಯಾರೂ ನೋಡೂದಿಲ್ಲ, ನಿಮ್ಮ ಲಾಟ್‌ನ್ಯಾಗ ಪ್ಲೌ ಮಾಡಿದ್ ಸ್ನೋ ಗುಡ್ಡಿ ಎಲ್ಲೆ ಹಾಕ್ಯಾರ ನೋಡ್ರಿ. ಎತ್ತರದ ಕಡೆ ಇದ್ರ ಮಧ್ಯಾಹ್ನದ ಬಿಸಲಿಗೆ ಕರಗಿದ್ ನೀರು ನಡಿಯೋ ದಾರಿ ಮ್ಯಾಲ ಹರದು ರಾತ್ರಿ ಹೆಪ್ಪಗಟ್ಟತೈತಿ, ನೀವು ಒದ್ದೆ ಟಾರ್ ಅಂದಿದ್ದು ಅದ ಇರಬೇಕು, ಬ್ಲ್ಯಾಕ್ ಐಸ್.

ಮಿಸ್ಸಿಸಾಗಾ ಅಕ್ಕ:
ತಮ್ಮಾ, ಆ ಆಂಟಿ ಕ್ಲೇಮ್ ಹಾಕಿದ್ರಾ? ದಯವಿಟ್ಟು ಹೇಳು ಅವ್ರಿಗೆ. ಡಾಕ್ಟರ್ ಹತ್ರ ಇದು ಕೆಲಸದ ಜಾಗದಲ್ಲಿ ಆಗಿದ್ದು ಅಂತ ಬರೆಸ್ಬೇಕು, ವೇರ್‌ಹೌಸ್‌ಗೂ ಏಜೆನ್ಸಿಗೂ ಇಬ್ರಿಗೂ ಮೆಸೇಜಲ್ಲೋ ಈಮೇಲಲ್ಲೋ ತಿಳಿಸ್ಬೇಕು, ಡಬ್ಲ್ಯೂಎಸ್‌ಐಬಿ (ಕೆಲಸದಲ್ಲಿ ಗಾಯ ಆದೋರಿಗೆ ಪರಿಹಾರ ಕೊಡೋ ನಮ್ಮ ಒಂಟಾರಿಯೋ ಪ್ರಾಂತ್ಯದ ಸಂಸ್ಥೆ) ಫಾರ್ಮ್ 6 ತಾವೇ ತುಂಬಿ ಕಳಿಸ್ಬಹುದು, ಕಂಪನಿ ಕಳಿಸ್ಲಿ ಅಂತ ಕಾಯೋದು ಬೇಡ. ಕಂಪನಿ ಲಾಟ್ ಅಲ್ಲದೇ ಸಿಟಿ ಫುಟ್‌ಪಾತಲ್ಲಿ ಬಿದ್ರೆ ಅದು ಬೇರೆ ಲೆಕ್ಕ, ಸಿಟಿಗೆ 10 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡ್ಬೇಕು. ಬಿದ್ದ ಜಾಗದ ಫೋಟೋ ಅವತ್ತೇ ತೆಗೀರಿ, ಮಧ್ಯಾಹ್ನಕ್ಕೆ ಕರಗಿಹೋಗುತ್ತೆ. ಮತ್ತೆ ಕೇಳಿದ್ರೆ ಕೆಲಸದಿಂದ ತೆಗೀತಾರೆ ಅಂತ ಹೆದರ್ಬೇಡ, ಸೇಫ್ಟಿ ಬಗ್ಗೆ ಕೇಳಿದ್ದಕ್ಕೆ ಶಿಕ್ಷೆ ಕೊಡೋದು ಒಂಟಾರಿಯೋ ಕಾನೂನಲ್ಲಿ ತಪ್ಪು. 20 ಜನ ಕೆಲಸಗಾರರು ಇರೋ ಕಡೆ ಹೆಲ್ತ್ ಅಂಡ್ ಸೇಫ್ಟಿ ಕಮಿಟಿ ಇರ್ಲೇಬೇಕು, ಅವ್ರ ಹೆಸರು ನೋಟಿಸ್ ಬೋರ್ಡಲ್ಲಿ ಹಾಕಿರ್ತಾರೆ.

ದಾವಣಗೆರೆ ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಸರ್ ಹೇಳಿದ್ದು ಕರೆಕ್ಟು, ಸ್ನೋ ಗುಡ್ಡೆ ಗೇಟ್ ಮೇಲ್ಗಡೆನೇ ಇದೆ. ಆಂಟಿಗೆ ಈಗ್ಲೇ ಫೋನ್ ಮಾಡ್ತೀನಿ, ಫಾರ್ಮ್ ನಾನೇ ಕೂತು ತುಂಬಿಸ್ಕೊಡ್ತೀನಿ.