ಐಸೋಲೇಶನ್ ಆಂಪ್ಲಿಫೈಯರ್ ಮೊದಲ ಸಲ ಬಳಸ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಕಾರವಾರ:
ಕಾಲೇಜು ಲ್ಯಾಬಿನಲ್ಲಿ ನನ್ನ ಕೆಲಸ. 24 ವೋಲ್ಟ್ ಡಿಸಿ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಆಸಿಲೋಸ್ಕೋಪಿನಲ್ಲಿ (ಸ್ಕೋಪ್) ನೋಡಬೇಕಿತ್ತು. ಪ್ಲಸ್ ವೈರಿಗೆ 0.1 ಓಮ್ ಷಂಟ್ (ಕರೆಂಟ್ ಅಳೆಯಲು ಹಾಕುವ ಸಣ್ಣ ರೆಸಿಸ್ಟರ್) ಹಾಕಿ ಅದಕ್ಕೆ ಪ್ರೋಬಿನ ಗ್ರೌಂಡ್ ಕ್ಲಿಪ್ ಕಚ್ಚಿಸಿದೆ. ಪಟ್ ಅಂತ ಫ್ಯೂಸ್ ಹೋಯಿತು. ಈಗ ಐಎಸ್‌ಒ124 ಅನ್ನೋ ಐಸೋಲೇಶನ್ ಆಂಪ್ಲಿಫೈಯರ್ ಚಿಪ್ (ಎರಡು ಕಡೆಗೂ ನೇರ ವಿದ್ಯುತ್ ಸಂಪರ್ಕವಿಲ್ಲದೆ ಸಿಗ್ನಲ್ ಮಾತ್ರ ದಾಟಿಸುವಂಥದ್ದು) ತರಿಸಿ ಬ್ರೆಡ್‌ಬೋರ್ಡ್ ಮೇಲೆ ಕೂರಿಸಿದ್ದೇನೆ. ಬಳಸಿದವರು ದಾರಿ ಹೇಳಿ.

ಶಿರಸಿಯಿಂದ:
ಫ್ಯೂಸ್ ಹೋಗಿದ್ದೇ ಪುಣ್ಯ ಮಾರಾಯ್ರೆ. ಸ್ಕೋಪಿನ ಕ್ಲಿಪ್ ಅಂದ್ರೆ ನೇರ ಅರ್ತಿಂಗ್. ನಿಮ್ಮ ಸಪ್ಲೈಯ ಮೈನಸ್ಸೂ ಅರ್ತ್ ಆಗಿರಬೇಕು, ಅದಕ್ಕೇ ಶಾರ್ಟ್ ಆಯಿತು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಈ ಚಿಪ್ಪಿನಲ್ಲಿ ಎರಡು ಕಡೆಯನ್ನು ಬೇರ್ಪಡಿಸುವ ಗೋಡೆ ಇರೋದು ಎಡ-ಬಲದ ಕಾಲುಸಾಲುಗಳ ನಡುವೆ ಅಲ್ಲ, ಉದ್ದದ ಮಧ್ಯದಲ್ಲಿ. 1, 2, 15, 16ನೇ ಕಾಲು ಇನ್‌ಪುಟ್ ಕಡೆ. 7ರಿಂದ 10 ಔಟ್‌ಪುಟ್ ಕಡೆ. ನಡುವಿನ ಕಾಲುಗಳೇ ಇಲ್ಲ, ನೋಡಿ. ಆದರೆ ಬ್ರೆಡ್‌ಬೋರ್ಡಿನ ಗ್ರೌಂಡ್ ಸಾಲು ಈ ತುದಿಯಿಂದ ಆ ತುದಿವರೆಗೂ ಒಂದೇ. ಎರಡೂ ಗ್ರೌಂಡನ್ನು ಅಭ್ಯಾಸಬಲದಿಂದ ಅದಕ್ಕೇ ಚುಚ್ಚಿದ್ದೆ. ಔಟ್‌ಪುಟ್ ಚೆನ್ನಾಗಿಯೇ ಬರ್ತಿತ್ತು, ಐಸೋಲೇಶನ್ ಮಾತ್ರ ಇರಲಿಲ್ಲ. ಎರಡು ದಿನ ಗೊತ್ತೇ ಆಗಲಿಲ್ಲ!

ಶುರುವಿಗೆ ನಾಲ್ಕು 9 ವೋಲ್ಟ್ ಬ್ಯಾಟರಿ ತನ್ನಿ. ಇನ್‌ಪುಟ್ ಕಡೆಗೆ ಎರಡು, ಔಟ್‌ಪುಟ್ ಕಡೆಗೆ ಎರಡು. ಈ ಚಿಪ್ ±4.5ರಿಂದ ±18 ವೋಲ್ಟ್‌ವರೆಗೆ ಓಡುತ್ತದೆ. ಮೊದಲು ಇನ್‌ಪುಟ್ ಶಾರ್ಟ್ ಮಾಡಿ ಔಟ್‌ಪುಟ್ ಅಳೆಯಿರಿ. ಆಮೇಲೆ ಒಂದು 1.5 ವೋಲ್ಟ್ ಸೆಲ್ ಕೊಡಿ, ತಿರುಗಿಸಿಯೂ ಕೊಡಿ. ಗೇನ್ (ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋದು) 1, ಕೊಟ್ಟಷ್ಟೇ ಬರಬೇಕು. ಮೋಟರ್ ಆಮೇಲೆ.

ಕುಮಟಾದಿಂದ:
ಷಂಟಿನಲ್ಲಿ 2 ಆಂಪ್ ಹರಿದರೆ ಸಿಗೋದು 0.2 ವೋಲ್ಟ್. ಈ ಚಿಪ್ಪಿನ ಔಟ್‌ಪುಟ್‌ನಲ್ಲಿ 500 ಕಿಲೋಹರ್ಟ್ಸ್‌ನ 20 ಮಿಲಿವೋಲ್ಟ್ ರಿಪಲ್ (ಸಣ್ಣ ಏರಿಳಿತ) ಇದ್ದೇ ಇರುತ್ತದೆ. ನೋಡಿ ಗಾಬರಿಯಾಗಬೇಡಿ. 1 ಕಿಲೋ ಓಮ್ ರೆಸಿಸ್ಟರ್, 10 ನ್ಯಾನೋಫ್ಯಾರಡ್ ಕೆಪಾಸಿಟರಿನ ಫಿಲ್ಟರ್ ಹಾಕಿ, 16 ಕಿಲೋಹರ್ಟ್ಸ್‌ಗೆ ಕತ್ತರಿಸುತ್ತದೆ. ಬರೀ ಷಂಟಿಗೇ ಆದ್ರೆ ಎಎಂಸಿ1200 ಅನ್ನೋ ಇನ್ನೊಂದು ಐಸೋಲೇಶನ್ ಚಿಪ್ ಜಾಸ್ತಿ ಹೊಂದುತ್ತಿತ್ತು. ಅದರ ಇನ್‌ಪುಟ್ ±250 ಮಿಲಿವೋಲ್ಟ್, ಗೇನ್ 8. ತಂದಾಗಿದೆ, ಇರಲಿ.

ಇನ್ನೊಂದು. ಇನ್‌ಪುಟ್ ಹೇಗಿದೆ ನೋಡೋಣ ಅಂತ ಸ್ಕೋಪಿನ ಎರಡನೇ ಪ್ರೋಬ್ ಆ ಕಡೆ ಕಚ್ಚಿಸಿದಿರೋ, ಮತ್ತೆ ಅದೇ ಪಟ್! ಎರಡು ಚಾನೆಲ್ಲಿನ ಗ್ರೌಂಡೂ ಒಳಗೆ ಒಂದೇ ಅಲ್ವಾ.

ಹೊನ್ನಾವರದಿಂದ:
ಮಳೆಗಾಲದ ಮಾತು ಯಾರೂ ಹೇಳಲಿಲ್ಲ. ನನ್ನ ಬೋರ್ಡು ಮೇ ತಿಂಗಳಲ್ಲಿ ಸರಿಯಿತ್ತು, ಜುಲೈನಲ್ಲಿ ತಟ್ಟಿ ತಡವಿ ಸಾಕಾಯಿತು. ಬೆಸುಗೆಯ ಫ್ಲಕ್ಸ್ ಕಾಲುಗಳ ನಡುವೆ ಹಾಗೇ ಬಿಟ್ಟಿದ್ದೆ. ಕಡಲ ಗಾಳಿಗೆ ಅದು ತೇವ ಎಳೆದು ಅಂಟಂಟಾಗಿತ್ತು. ಹಳೆ ಹಲ್ಲುಜ್ಜುವ ಬ್ರಷ್ಷು, ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಂಡು ತಿಕ್ಕಿ ಒಣಗಿಸಿದೆ, ಸರಿಹೋಯಿತು. ಈಗ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಚಿಪ್ಪಿನ ಡೇಟಾಶೀಟಿನಲ್ಲಿ ಐಸೋಲೇಶನ್ 1500 ವೋಲ್ಟ್ ಅಂತ ಬರೆದಿರೋದು ಚಿಪ್ಪಿಗೆ. ನಿಮ್ಮ ಬ್ರೆಡ್‌ಬೋರ್ಡಿಗಲ್ಲ. 230 ವೋಲ್ಟ್ ಹತ್ತಿರ ಒಯ್ಯಬೇಡಿ.

ಕೇಳಿದವರು, ಕಾರವಾರ:
ಶಿರಸಿಯವರೇ, ನಾನೂ ಎರಡು ಗ್ರೌಂಡನ್ನು ಒಂದೇ ಸಾಲಿಗೆ ಚುಚ್ಚಿದ್ದೆ! ಕಿತ್ತು, ಬ್ಯಾಟರಿ ತೆಗೆದು ಎರಡು ಗ್ರೌಂಡಿನ ನಡುವೆ ಮೀಟರ್ ಹಿಡಿದೆ. ಓಪನ್ ತೋರಿಸಿತು. ಇನ್‌ಪುಟ್ ಶಾರ್ಟ್ ಮಾಡಿದಾಗ 12 ಮಿಲಿವೋಲ್ಟ್, ಸೆಲ್ ಕೊಟ್ಟಾಗ 1.5 ಚಿಲ್ಲರೆ. ನಾಳೆ ಮೋಟರ್.